ಸೂಜಿಕಾಯಕವೂ ಸೂತಕವಿಚಾರವೂ

ಶಾಸ್ತ್ರಪಂಡಿತರು ಬಳಸುವ ಲೌಕಿಕನ್ಯಾಯಗಳಲ್ಲಿ ಸೂಚೀಕಟಾಹನ್ಯಾಯವೆಂಬುದೊಂದುಂಟು. ಕಮ್ಮಾರನ ಬಳಿಗೆ ಒಬ್ಬನು ಬಂದು ಕಟಾಹವನ್ನು, ಎಂದರೆ ದೊಡ್ಡ ಕೊಪ್ಪರಿಗೆಯನ್ನು, ಮಾಡಿಕೊಡೆಂದು ಕೇಳಿದನು. ಅವನ ಹಿಂದೆಯೇ ಮತ್ತೊಬ್ಬನು ಬಂದು ಒಂದು ಸೂಜಿಯನ್ನು ಕೇಳಿದನು. ಕಮ್ಮಾರನು ಸೂಜಿಯನ್ನು ಮೊದಲು ಮಾಡಿ ಮುಗಿಸಿ, ಬಳಿಕ ಕೊಪ್ಪರಿಗೆಗೆ ಕೈಹಚ್ಚಿದನು. ಅಲ್ಪವಾದುದನ್ನು ಮೊದಲು ತೀರಿಸಿ ಮಹತ್ತಾದುದನ್ನು ಅನಂತರ ಎತ್ತಿಕೊಳ್ಳಬೇಕೆಂಬುದು ಇದರ ತಾತ್ಪರ್ಯ. ಸೂತಕವೆಂದರೇನು, ಅದು ಯಾರಿಗುಂಟು, ಯಾರಿಗಿಲ್ಲ ಎಂಬುದು ಕೊಪ್ಪರಿಗೆಯಂತಹ ಪ್ರಶ್ನೆ. ಶಿವಾನುಭವಗೋಷ್ಠಿಗಳಲ್ಲಿ ಬಲ್ಲವರು ಅದನ್ನು ಅನೇಕ ಸಲ ಚರ್ಚಿಸಿರುವರು. ಅದಕ್ಕೆ ಮುನ್ನ ಸೂಜಿಯ ವಿಷಯವನ್ನು ತೀರಿಸಿಕೊಳ್ಳುವುದು ಲೇಸು. ಏಕೆಂದರೆ ವಿಜಯಪುರ ಜಿಲ್ಲೆಯ ಮನೆಮನೆಗಳಲ್ಲಿ ಆ ದೊಡ್ಡ ಪ್ರಶ್ನೆಯ ಅರ್ಧ ಉತ್ತರವು ಸೂಜಿಯಿಂದಲೇ ಹೊಲಿಯಲ್ಪಟ್ಟು, ಹಾಸಿಗೆಯ ಗಂಟಿನ ಮೇಲೆ ಮಡಿಚಿಡಲ್ಪಟ್ಟಿರುವುದು. ಅದರ ಹೆಸರು ಕೌದಿ.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನಬಾಗೇವಾಡಿಗಳ ಕಡೆ ಕೌದಿಯಿಲ್ಲದ ಹಳೆಯ ಮನೆ ವಿರಳ. ಸವೆದ ಸೀರೆ, ಹರಿದ ಧೋತರ, ಮಾಸಿದ ಪಟಗ, ಮಕ್ಕಳಿಗೆ ಗಿಡ್ಡವಾದ ಅಂಗಿ, ಇವೆಲ್ಲವನ್ನು ಒಗೆದು ಒಣಗಿಸಿ ಗಂಟುಕಟ್ಟಿ ಇರಿಸುವರು. ಗಂಟು ಸಾಕಷ್ಟು ಬೆಳೆದ ಮೇಲೆ ಹೊಲಿಗೆಗೆ ತೆಗೆಯುವರು. ಇದಕ್ಕೆ ಬೇಕಾಗುವ ಸಾಧನಗಳು ಅತ್ಯಲ್ಪ: ಉದ್ದನೆಯದೊಂದು ಸೂಜಿ, ಹುರಿಗೊಂಡ ಹತ್ತಿಯ ದಾರ, ಕತ್ತರಿ, ಮತ್ತು ಸೂಜಿಯ ಬುಡವನ್ನೊತ್ತುವ ಬೆರಳಿಗೆ ಸುತ್ತಿಕೊಳ್ಳಲು ಒಂದು ಚಿಂದಿ. ಗೋಣಿಚೀಲ ಹೊಲಿಯುವ ದಬ್ಬಣ ಇಲ್ಲಿ ಸಲ್ಲದು. ಅದು ಹಳೆಯ ಅರಿವೆಯಲ್ಲಿ ಸೇರಿಸಬೇಕಾದುದಕ್ಕಿಂತ ಹೆಚ್ಚಾಗಿ ಹರಿಯುವುದು. ತೀರ ಸಣ್ಣ ಸೂಜಿಯೂ ಸಲ್ಲದು. ಪದರುಗಳ ನಡುವೆ ಅದು ಬಾಗುವುದು, ಇಲ್ಲವೆ ಮುರಿಯುವುದು. ಹಳೆಯ ಸೀರೆಯೊಂದನ್ನು ನೆಲದ ಮೇಲೆ ಸುಕ್ಕಿಲ್ಲದಂತೆ ಹಾಸಿ, ಅದರ ಮೇಲೆ ಚಿಂದಿಗಳನ್ನು ಎಲ್ಲಿಯೂ ಉಬ್ಬಾಗದಂತೆ, ಎಲ್ಲಿಯೂ ಬರಿದಾಗದಂತೆ ಹೊಂದಿಸಿ, ಮೇಲೊಂದು ಹೊದಿಕೆಯನ್ನೆಳೆದು ಅಂಚಿನಿಂದ ಹೊಲಿಗೆಯನ್ನು ಹಿಡಿಯುವರು. ಹೊಲಿಗೆಯು ನೇರವಾದುದೇ, ಅದರಲ್ಲಿ ಗುಟ್ಟೇನೂ ಇಲ್ಲ. ಆದರೆ ಸೂಜಿಯು ಪ್ರತಿಯೊಂದು ಸಲವೂ ಮೇಲಿನ ಪದರಿನಿಂದ ಹೊಕ್ಕು ಅಡಿಯ ಪದರನ್ನು ಮುಟ್ಟಿ ಮೇಲೇಳಬೇಕು. ನಡುವಿನ ಚಿಂದಿಯು ದಾರಕ್ಕೆ ಸಿಕ್ಕದೆ ಉಳಿದರೆ ಕಣ್ಣಿಗೆ ಅದು ಕಾಣುವುದಿಲ್ಲ; ಕೌದಿಯನ್ನು ಮೊದಲ ಸಲ ಹಳ್ಳಕ್ಕೆ ಒಯ್ದು ಒಗೆದಾಗ ಕಾಣುವುದು. ಸಡಿಲವಾದುದು ಒಂದು ಮೂಲೆಗೆ ಸರಿದು ಗಂಟುಗಟ್ಟುವುದು, ಉಳಿದೆಡೆ ಬರಿಯ ಎರಡು ಪದರು ನಿಲ್ಲುವುವು. ಈ ಮಾತನ್ನು ವಾಚಕರು ಸ್ವಲ್ಪ ನೆನಪಿನಲ್ಲಿಟ್ಟುಕೊಳ್ಳಬೇಕು.

ಸೂಜಿಯ ಪ್ರಾಚೀನತೆಯನ್ನು ಕುರಿತು ಬಹಳ ಹೇಳಬೇಕಾಗಿಲ್ಲ. ಸೈಬೀರಿಯಾದ ಡೆನಿಸೋವಾ ಗುಹೆಯಲ್ಲಿ 2016ರಲ್ಲಿ ದೊರೆತ, ಹಕ್ಕಿಯ ಎಲುಬಿನಿಂದ ಮಾಡಿದ ಕಣ್ಣುಳ್ಳ ಸೂಜಿಯು ಸುಮಾರು 50,000 ವರ್ಷಗಳಷ್ಟು ಹಳೆಯದೆಂದು ವಿದ್ವಾಂಸರು ಎಣಿಸಿರುವರು. ಮನುಷ್ಯನು ನೆಲವನ್ನು ಉಳುವುದಕ್ಕೆ ಎಷ್ಟೋ ಮೊದಲೇ ಹೊಲಿಯುವುದನ್ನು ಕಲಿತಿದ್ದನು. ಉತ್ತರ ಐರೋಪ್ಯ ದೇಶಗಳಲ್ಲಿ, ಎರಡು ಕಡ್ಡಿಗಳಿಂದ ಹೆಣೆಯುವ ವಿದ್ಯೆಯು ಹರಡುವುದಕ್ಕಿಂತ ಮೊದಲು, ಒಂದೇ ಸೂಜಿಯಿಂದ ಉಣ್ಣೆಯ ನೂಲನ್ನು ಕುಣಿಕೆಯೊಳಗೆ ಕುಣಿಕೆಯಾಗಿ ತೂರಿಸಿ ಕಾಲುಚೀಲ, ಕೈಚೀಲಗಳನ್ನು ಮಾಡುತ್ತಿದ್ದರು. ಆ ವಿದ್ಯೆಯಲ್ಲಿ ಇಡೀ ನೂಲು ಪ್ರತಿಯೊಂದು ಕುಣಿಕೆಯ ಮೂಲಕವೂ ಹಾಯಬೇಕಾದುದರಿಂದ ಉದ್ದನೆಯ ನೂಲನ್ನು ಹಿಡಿಯಲಾಗದು. ತುಂಡಿಗೆ ತುಂಡು ಸೇರಿಸುತ್ತಲೇ ಹೋಗಬೇಕು. ಅಂತಹ 10ನೆಯ ಶತಮಾನದ ಕಾಲುಚೀಲವೊಂದು ಇಂಗ್ಲೆಂಡಿನ ಯಾರ್ಕ್ ನಗರದ ನೆಲದಡಿಯಲ್ಲಿ ದೊರೆತಿರುವುದು. ಅದೇ ಶತಮಾನದಲ್ಲಿ, ಕ್ರಿ.ಶ. 945ರಲ್ಲಿ, ಇಂಡಿಯ ಬಳಿಯ ಸಾಲೋಟಗಿಯಲ್ಲಿ ರಾಷ್ಟ್ರಕೂಟ ಮೂರನೆಯ ಕೃಷ್ಣನ ಮಂತ್ರಿಯಾದ ನಾರಾಯಣನು ಕಟ್ಟಿಸಿದ ವಿದ್ಯಾಶಾಲೆಯ ವಿವರವನ್ನು ಕಲ್ಲುಕಂಬದ ಮೇಲೆ ಬರೆಯಿಸಿದರು. ಪಾವಿಟ್ಟಗೆಯೆಂದು ಆಗ ಹೆಸರಾಗಿದ್ದ ಆ ಅಗ್ರಹಾರಕ್ಕೆ ನಾನಾ ಜನಪದಗಳಿಂದ ವಿದ್ಯಾರ್ಥಿಗಳು ಬರುತ್ತಿದ್ದರು. ಅವರ ವಸತಿಗೆ 27 ಮನೆಗಳು, ದೀಪದ ಎಣ್ಣೆಗೆ 12 ನಿವರ್ತನ ಭೂಮಿ, ಉಪಾಧ್ಯಾಯರಿಗೆ 50 ನಿವರ್ತನ. ಮದುವೆ, ಉಪನಯನ, ಚೌಲಗಳ ಕಾಲದಲ್ಲಿ ಊರವರು ಸಲ್ಲಿಸತಕ್ಕ ಕಾಣಿಕೆ ಇಷ್ಟಿಷ್ಟು. ವಿದ್ಯೆಗೆ ಇಂತಹ ವ್ಯವಸ್ಥೆ ಮಾಡಿದ ನೆಲದಲ್ಲಿ ಹುಟ್ಟಿದವರು ಹೆಮ್ಮೆಪಡತಕ್ಕುದೇ. ಆದರೆ ಮಾರ್ಗಶಿರದ ಚಳಿಯಲ್ಲಿ ಆ 27 ಮನೆಗಳ ಹುಡುಗರು ಹೊದ್ದುದನ್ನು ಯಾರೋ ಹೊಲಿದಿರಬೇಕಷ್ಟೆ. ಯಾರ್ಕಿನ ಕಾಲುಚೀಲವನ್ನು ಹೆಣೆದ ಕೈಗೆ ಹೆಸರಿಲ್ಲ. ಪಾವಿಟ್ಟಗೆಯ ಹೊದಿಕೆಯನ್ನು ಹೊಲಿದ ಕೈಗೂ ಹೆಸರಿಲ್ಲ. ಕಲ್ಲಿನ ಮೇಲೆ ದಾನಿಯ ಹೆಸರು ನಿಲ್ಲುವುದು. ಅರಿವೆಯ ಮೇಲೆ ಯಾರ ಹೆಸರೂ ನಿಲ್ಲುವುದಿಲ್ಲ.

ಹೆಸರು ನಿಂತುದು ಕಲ್ಯಾಣದಲ್ಲಿ. ಹನ್ನೆರಡನೆಯ ಶತಮಾನದ ಶರಣರ ಪಟ್ಟಿಯನ್ನು ನೋಡಿದರೆ ಸೂಜಿಕಾಯಕದ ರಾಮಿತಂದೆಯವರ ಹೆಸರು ಕಾಣುವುದು. ಕದಿರ ರೆಮ್ಮವ್ವೆ, ಮಡಿವಾಳ ಮಾಚಿದೇವ, ಅಂಬಿಗರ ಚೌಡಯ್ಯ, ಹೀಗೆ ನೂಲುವವರು, ನೇಯುವವರು, ಒಗೆಯುವವರು, ದೋಣಿ ನಡೆಸುವವರು ತಮ್ಮ ತಮ್ಮ ಕಾಯಕವನ್ನು ಹೆಸರಿಗಿಂತ ಮುಂದೆ ಇರಿಸಿಕೊಂಡೇ ಉಳಿದಿರುವರು. ಲೋಕದಲ್ಲಿ ಕಸುಬಿನ ಹೆಸರು ಮನುಷ್ಯನನ್ನು ಕೆಳಗಿಳಿಸಲು ಬಳಸುವ ಮೆಟ್ಟಿಲಾಗಿದ್ದಿತು. ಅನುಭವಮಂಟಪದಲ್ಲಿ ಅದೇ ಬಿರುದಾಯಿತು. ಹತ್ತಿಯಿಂದ ಹಚ್ಚಡದವರೆಗೆ ಅರಿವೆಯು ದಾಟಿ ಬರುವ ಎಲ್ಲ ಕೈಗಳೂ ಅಲ್ಲಿ ಒಂದೆಡೆ ಸೇರಿದ್ದುವೆಂಬುದು ಗಮನಿಸತಕ್ಕ ಸಂಗತಿ. ಇವರಲ್ಲಿ ಮಾಚಿದೇವರು ದೇವರ ಹಿಪ್ಪರಗಿಯವರು, ಬಸವಣ್ಣನವರು ಬಾಗೇವಾಡಿಯವರು. ಈ ವಿಚಾರವು ಈ ನೆಲಕ್ಕೆ ದೂರದ್ದೇನೂ ಅಲ್ಲ. ಬೃಹದಾರಣ್ಯಕದಲ್ಲಿ ಉದ್ದಾಲಕನು ಯಾಜ್ಞವಲ್ಕ್ಯನನ್ನು ಪ್ರಶ್ನಿಸುವನು: ಇಹಪರಗಳನ್ನೂ ಸಕಲ ಭೂತಗಳನ್ನೂ ಪೋಣಿಸಿರುವ ಸೂತ್ರ ಯಾವುದು ಎಂದು. ಋಷಿಗಳಿಗೆ ಜಗತ್ತನ್ನು ಹಿಡಿದಿರುವ ತತ್ತ್ವವನ್ನು ಹೇಳಲು ನೂಲಿಗಿಂತ ತಕ್ಕ ಉಪಮಾನವು ದೊರೆಯಲಿಲ್ಲ. ಅದೇ ಹತ್ತಿಯ ನೂಲು ಒಬ್ಬನ ಹೆಗಲಿಗೇರಿ ಅವನನ್ನು ಇತರರಿಂದ ಬೇರ್ಪಡಿಸುವ ಗುರುತಾಯಿತು. ಇನ್ನೊಂದೆಡೆ ಮುದುಕಿಯ ಸೂಜಿಗೇರಿ ಬೇರೆಬೇರೆಯಾದುದನ್ನು ಒಂದು ಮಾಡಿತು. ಬಾಲಕ ಬಸವಣ್ಣನವರು ಬಾಗೇವಾಡಿಯಲ್ಲಿ ನಿರಾಕರಿಸಿದುದು ನೂಲನ್ನಲ್ಲ, ಅದಕ್ಕೆ ಹೊರಿಸಿದ ಮೊದಲನೆಯ ಕೆಲಸವನ್ನು.

ಈಗ ಸೂತಕದ ಮಾತು. ಲಿಂಗಾಂಗಿಗೆ ಜನನಸೂತಕ, ಮರಣಸೂತಕ, ರಜಸ್ಸೂತಕ, ಉಚ್ಛಿಷ್ಟಸೂತಕ, ಜಾತಿಸೂತಕವೆಂಬ ಪಂಚಸೂತಕಗಳಿಲ್ಲವೆಂಬುದು ವೀರಶೈವರಿಗೆ ಬಾಯಿಪಾಠವಾದ ತತ್ತ್ವ. ಇದನ್ನು ಬೋಧಿಸಲು ಗ್ರಂಥಗಳುಂಟು. ಆದರೆ ಓದು ಬರೆಹವರಿಯದ ತಾಯಂದಿರು ಇದನ್ನು ಕೌದಿಯಲ್ಲಿ ಆಚರಿಸಿ ತೋರಿಸಿರುವರು. ಬಾಣಂತಿಯು ಉಟ್ಟ ಸೀರೆಯು ಅದರಲ್ಲಿ ಒಂದು ಪದರು. ತೀರಿಕೊಂಡ ಅಜ್ಜನ ಧೋತರ ಇನ್ನೊಂದು ಪದರು. ಅದನ್ನು ಎಸೆಯಲು ಯಾರಿಗೂ ಮನಸ್ಸು ಬರಲಿಲ್ಲ. ಅತ್ತೆ ಸೊಸೆಯರು ತಿಂಗಳು ತಿಂಗಳು ಉಟ್ಟು ಬಿಟ್ಟ ಸೀರೆಗಳ ಸೆರಗುಗಳು ನಡುನಡುವೆ ಸೇರಿರುವುವು. ಬಳಸಿಬಿಟ್ಟ ಬಟ್ಟೆಯೆಂದ ಮೇಲೆ ಅದಷ್ಟೂ ಉಚ್ಛಿಷ್ಟವೇ. ಸಂತೆಯಲ್ಲಿ ಕೊಂಡ ತುಂಡು, ನೆರೆಮನೆಯಿಂದ ಬೇಡಿ ತಂದ ತುಂಡು, ಇವುಗಳ ಕುಲವನ್ನು ಯಾರು ಬಲ್ಲರು? ಇಷ್ಟನ್ನೂ ಒಂದೇ ದಾರದಿಂದ ಹೊಲಿದು, ಮನೆಯಲ್ಲಿ ಹುಟ್ಟಿದ ಹಸುಗೂಸನ್ನು ಅದರ ಮೇಲೆ ಮಲಗಿಸುವರು. ಐದು ಸೂತಕಗಳ ಮೇಲೆ ಮಗುವು ನಿಶ್ಚಿಂತೆಯಿಂದ ನಿದ್ರಿಸುವುದು. ಸ್ಮಾರ್ತಕರ್ಮಗಳಿಗೆ ಅಹತವಸ್ತ್ರವೇ, ಎಂದರೆ ಯಾರೂ ಉಡದ, ಹೊಸದಾದ ವಸ್ತ್ರವೇ ಶ್ರೇಷ್ಠವೆಂಬ ವಿಧಿಯುಂಟು. ಹರಿದುದು, ಹೊಲಿದುದು ಅಲ್ಲಿ ನಿಷಿದ್ಧ. ಹರಿದುದನ್ನೇ ಹೊಲಿದು ಮಾಡಿದ ಕೌದಿಯು ಆ ವಿಧಿಗೆ ನೇರವಾಗಿ ಬೆನ್ನು ತಿರುಗಿಸಿ ನಿಂತಿರುವುದು. ಸಂಸ್ಕೃತದಲ್ಲಿ ಇಂತಹುದಕ್ಕೆ ಕಂಥಾ ಎನ್ನುವರು. ವಿರಕ್ತನು ಕಂಥೆಯನ್ನು ಹೊದೆಯುವುದು ವೈರಾಗ್ಯದ ಲಕ್ಷಣವೆಂದು ಎಲ್ಲ ಮತದವರೂ ಒಪ್ಪುವರು. ಕಂಥೆಯ ಮಾತ್ರದಿಂದ ಗುರುತ್ವವು ಬಾರದೆಂದು ವಚನಕಾರರು ಎಚ್ಚರಿಸಿರುವುದೂ ಉಂಟು. ಗೃಹಸ್ಥರ ಕೌದಿಯಾದರೋ ಯಾವ ಲಕ್ಷಣವನ್ನೂ ಸಾರದು, ಚಳಿಯನ್ನು ತಡೆಯುವುದಷ್ಟೆ.

ಇಷ್ಟರಮಟ್ಟಿಗೆ ಉತ್ತರವು ಪೂರ್ಣವಾಗಿರುವಂತೆ ಕಾಣುವುದು. ಆದರೆ ಅದು ಅರ್ಧವೆಂದು ಮೊದಲೇ ಹೇಳಿರುವುದಕ್ಕೆ ಕಾರಣವುಂಟು. ಎಲ್ಲ ಮನೆಗಳ ಕೌದಿಯನ್ನೂ ಮನೆಯವರೇ ಹೊಲಿಯುವುದಿಲ್ಲ. ಗೋಂಧಳಿ ಮೊದಲಾದ, ಊರಿಂದೂರಿಗೆ ತಿರುಗುವ ಸಮುದಾಯಗಳ ಹೆಂಗಸರು ಈ ಕೆಲಸವನ್ನು ತಲೆತಲಾಂತರದಿಂದ ಬಲ್ಲವರು. ಸುಗ್ಗಿ ಮುಗಿದು ಕಣ ಬರಿದಾದ ಮೇಲೆ ಅವರು ಊರಿಗೆ ಬರುವರು. ಕರೆದವರ ಮನೆಯ ಅಂಗಳದಲ್ಲಿ ಕುಳಿತು ಹೊಲಿಯುವರು. ಕೌದಿಯು ಮುಗಿದೊಡನೆ ಮನೆಯ ಯಜಮಾನಿತಿಯು ಅದನ್ನು ಕೊಡವಿ ಒಳಗೊಯ್ಯುವಳು. ಅದು ಪಡಸಾಲೆಯನ್ನು ದಾಟಿ, ನಡುಮನೆಯನ್ನು ದಾಟಿ, ದೇವರ ಜಗುಲಿಯ ಮುಂದಿನಿಂದಲೇ ಹಾಯ್ದು, ಮಲಗುವ ಕೋಣೆಯನ್ನು ಸೇರುವುದು. ಹೊಲಿದಾಕೆಯು ಅಂಗಳದಲ್ಲಿಯೇ ಇರುವಳು. ಆಕೆ ನೀರು ಕೇಳಿದರೆ ಕೆಲವೆಡೆ ಬೇರೊಂದು ಚೆಂಬು ಬರುವುದು. ಕೆಲವೆಡೆ ಬೊಗಸೆಗೆ ಮೇಲಿನಿಂದ ಹೊಯ್ಯುವರು. ರೊಟ್ಟಿಯನ್ನು ಅಲ್ಲಿಯೇ ಕೊಡುವರು. ಆಕೆ ಮನೆಯ ಅಜ್ಜಿಯ ವಯಸ್ಸಿನವಳಾದರೂ ಮನೆಯ ಹುಡುಗರು ಏಕವಚನದಲ್ಲಿ ಮಾತನಾಡಿಸುವರು. ಎಲ್ಲ ಮನೆಗಳಲ್ಲಿಯೂ ಹೀಗೆಯೇ ಎಂದು ಹೇಳುವುದು ಅನ್ಯಾಯವಾದೀತು. ಇಂತಹ ಮನೆಯೇ ಇಲ್ಲವೆಂದು ಹೇಳುವುದು ಅದಕ್ಕಿಂತ ದೊಡ್ಡ ಅನ್ಯಾಯ. ದಿನವಿಡೀ ಆಕೆಯ ಬೆರಳು ಮುಟ್ಟಿದ, ಆಕೆಯ ಬೆವರು ಇಳಿದ, ದಾರವನ್ನು ಕಡಿಯುವಾಗ ಆಕೆಯ ಹಲ್ಲು ತಾಕಿದ ಅರಿವೆಯ ಮೇಲೆ ಮನೆಯ ಯಜಮಾನನು ಮಲಗಬಹುದು. ಆಕೆಯು ಅವನ ಪಡಸಾಲೆಯಲ್ಲಿ ಕುಳಿತುಕೊಳ್ಳಬಾರದು! ಹಾಗಾದರೆ ಇಲ್ಲಿ ಸೂತಕವು ಯಾವುದಕ್ಕೆ ಹತ್ತಿತು? ಅರಿವೆಗೆ ಹತ್ತಲಿಲ್ಲ, ದಾರಕ್ಕೆ ಹತ್ತಲಿಲ್ಲ, ಸೂಜಿಗೆ ಹತ್ತಲಿಲ್ಲ.

ಇದಕ್ಕೆ ಪೂರ್ವಪಕ್ಷಗಳುಂಟು. ಕೌದಿಯನ್ನು ಹಾಸಲು ವಿಸ್ತಾರವಾದ ಸ್ಥಳ ಬೇಕು, ಸೂಜಿಯ ಕಣ್ಣಿಗೆ ದಾರ ಪೋಣಿಸಲು ಬೆಳಕು ಬೇಕು, ಆದುದರಿಂದ ಆಕೆ ಹೊರಗೆ ಕುಳಿತುಕೊಳ್ಳುವಳೇ ಹೊರತು ಯಾರೂ ಹೊರಗಿಟ್ಟುದಲ್ಲವೆಂದು ಕೆಲವರು ಹೇಳುವರು. ಇದು ಸುಳ್ಳಲ್ಲ. ಹಳೆಯ ಮನೆಗಳ ಒಳಗೆ ಹಗಲಿನಲ್ಲಿಯೂ ಕತ್ತಲೆಯೇ. ಆದರೆ ಬೆಳಕು ಬೇಕೆಂದು ಹೊರಗೆ ಕೂಡುವುದು ಬೇರೆ, ಒಳಗೆ ಕರೆಯಬಾರದೆಂದು ಹೊರಗೆ ಕೂಡಿಸುವುದು ಬೇರೆ. ಮೊದಲನೆಯದು ಹೊಲಿಗೆಯ ನಿಯಮ, ಎರಡನೆಯದು ಮನೆಯ ನಿಯಮ. ಎರಡೂ ಒಂದೇ ಸ್ಥಳದಲ್ಲಿ ನಡೆಯುವುದರಿಂದ ಎರಡನೆಯದು ಮೊದಲನೆಯದರ ಮರೆಯಲ್ಲಿ ಅಡಗಿ ಕುಳಿತಿರುವುದು. ಇನ್ನು ಕೂಲಿಯನ್ನು ಕೊಟ್ಟ ಮೇಲೆ ಋಣವು ತೀರಿತೆಂಬ ವಾದ. ಕೂಲಿಯಿಂದ ತೀರುವುದು ಕೆಲಸದ ಋಣ. ಮನುಷ್ಯನನ್ನು ಮನುಷ್ಯನೆಂದು ಕಾಣಬೇಕಾದ ಋಣಕ್ಕೆ ಕೂಲಿಯ ದರವನ್ನು ಯಾರೂ ಗೊತ್ತುಮಾಡಿಲ್ಲ.

ಸಂಸ್ಕೃತವನ್ನು ಬಲ್ಲವರು ಒಂದು ಗಂಭೀರವಾದ ಆಕ್ಷೇಪವನ್ನು ತರುವರು. ವಸ್ತುವಿನ ಶುದ್ಧಿ ಬೇರೆ, ವ್ಯಕ್ತಿಯ ಶುದ್ಧಿ ಬೇರೆ. ವಸ್ತುವು ನೀರಿನಿಂದ ಶುದ್ಧವಾಗುವುದು, ಆದುದರಿಂದ ಒಗೆದ ಕೌದಿಯು ಒಳಗೆ ಬಂದುದರಲ್ಲಿ ವಿರೋಧವೇನೂ ಇಲ್ಲವೆಂದು. ಮನುಸ್ಮೃತಿಯ ಐದನೆಯ ಅಧ್ಯಾಯದಲ್ಲಿಯೂ ಯಾಜ್ಞವಲ್ಕ್ಯಸ್ಮೃತಿಯ ಆಚಾರಾಧ್ಯಾಯದಲ್ಲಿಯೂ ದ್ರವ್ಯಶುದ್ಧಿಯ ಪ್ರಕರಣವಿರುವುದು ನಿಜ. ಲೋಹಕ್ಕೊಂದು, ಮರಕ್ಕೊಂದು, ಧಾನ್ಯಕ್ಕೊಂದು, ವಸ್ತ್ರಕ್ಕೊಂದು ಶುದ್ಧಿವಿಧಾನವನ್ನು ಅಲ್ಲಿ ಬಹು ಸೂಕ್ಷ್ಮವಾಗಿ ವಿವೇಚಿಸಿರುವರು. ಈ ವಾದವನ್ನು ಒಪ್ಪಿದರೆ ಒದಗುವ ಫಲವೇನೆಂಬುದನ್ನು ನೋಡಬೇಕು. ನೂರು ಮೈಗಳನ್ನು ಸೋಕಿ, ಮಣ್ಣಿನಲ್ಲಿ ಹೊರಳಿ, ಬೀದಿಯಲ್ಲಿ ಬಿದ್ದಿದ್ದ ಚಿಂದಿಯೊಂದು ಹಳ್ಳದ ನೀರಿನಲ್ಲಿ ಒಂದು ಸಲ ಮುಳುಗಿ ಎದ್ದರೆ ಶುದ್ಧ. ಅದೇ ಹಳ್ಳದಲ್ಲಿ ದಿನವೂ ಮೀಯುವ ಮನುಷ್ಯಳು ಜನ್ಮವಿಡೀ ಮಿಂದರೂ ಅಶುದ್ಧಳು. ಅರಿವೆಗೆ ಇರುವ ಯೋಗ್ಯತೆಯು ಅರಿವುಳ್ಳವಳಿಗೆ ಇಲ್ಲವೆಂದಾಯಿತು. ಜಡಕ್ಕೆ ನೀರಿನಿಂದ ದೊರೆಯುವ ಬಿಡುಗಡೆಯು ಚೈತನ್ಯಕ್ಕೆ ಯಾವುದರಿಂದಲೂ ದೊರೆಯದೆಂಬ ಶಾಸ್ತ್ರವನ್ನು ಕಟ್ಟುವುದಕ್ಕೆ ಬುದ್ಧಿಯೇನೋ ಬೇಕು; ಆದರೆ ಆ ಬುದ್ಧಿಯನ್ನು ಶರಣರು ಬುದ್ಧಿಯೆಂದು ಕರೆಯಲಿಲ್ಲ. ದೇಹವೇ ದೇಗುಲವೆಂಬ ಮಾತನ್ನು ಒಪ್ಪಿಕೊಂಡವರಿಗೆ, ಹೊಲಿಯುವಾಕೆಯ ದೇಹವು ಆ ಮಾತಿನಿಂದ ಹೊರಗುಳಿಯುವ ಮಾರ್ಗವಾವುದು?

ಹರಳಯ್ಯನವರ ವೃತ್ತಾಂತವನ್ನು ಈ ದೃಷ್ಟಿಯಿಂದ ಮತ್ತೊಮ್ಮೆ ನೋಡತಕ್ಕುದು. ಪುರಾತನರ ಕಥೆಗಳನ್ನು ಕೇಳಿ ಬೆಳೆದವರೆಲ್ಲರೂ ಅದನ್ನು ಬಲ್ಲರು: ಹರಳಯ್ಯನವರೂ ಅವರ ಪತ್ನಿ ಕಲ್ಯಾಣಮ್ಮನವರೂ ತಮ್ಮ ತೊಡೆಯ ಚರ್ಮದಿಂದ ಪಾದರಕ್ಷೆಗಳನ್ನು ಹೊಲಿದು ಬಸವಣ್ಣನವರಿಗೆ ಅರ್ಪಿಸಿದರು; ಬಸವಣ್ಣನವರು ಅವುಗಳನ್ನು ಮೆಟ್ಟಲೊಲ್ಲದೆ ತಲೆಯ ಮೇಲಿರಿಸಿಕೊಂಡರು. ಕೇಳುವವರ ಮನಸ್ಸೆಲ್ಲ ಆ ಪಾದರಕ್ಷೆಗಳ ಮೇಲೆಯೇ ನಿಲ್ಲುವುದು ಸಹಜ. ಆದರೆ ಕಥೆಯು ಆರಂಭವಾಗುವುದು ಅಲ್ಲಿಂದಲ್ಲ. ಹಾದಿಯಲ್ಲಿ ಹರಳಯ್ಯನವರು ಒಂದು ಸಲ ಶರಣೆಂದರು. ಬಸವಣ್ಣನವರು ಅದಕ್ಕೆ ಪ್ರತಿಯಾಗಿ ಎರಡು ಸಲ ಶರಣೆಂದರು. ಒಂದಕ್ಕೆ ಎರಡಾಗಿ ಬಂದ ಆ ಮನ್ನಣೆಯ ಭಾರವನ್ನು ಹೊರಲಾರದೆ ಆ ದಂಪತಿಗಳು ಸೂಜಿಯನ್ನು ಹಿಡಿದರು. ಎಂದರೆ ಮೊದಲು ಮನ್ನಣೆ ದೊರೆತುದು ಕೈಗೆ. ಆ ಕೈಯಿಂದ ಆದ ವಸ್ತುವು ಹುಟ್ಟಿದುದು ಆಮೇಲೆ. ಬಸವಣ್ಣನವರು ಅಂದು ಹಾದಿಯಲ್ಲಿ ಸುಮ್ಮನೆ ನಡೆದುಬಿಟ್ಟಿದ್ದು, ಪಾದರಕ್ಷೆಗಳನ್ನು ಮಾತ್ರ ಮೆಚ್ಚಿಕೊಂಡು ಮನೆಗೆ ತರಿಸಿಕೊಂಡಿದ್ದರೆ ಅವರು ಒಳ್ಳೆಯ ಗಿರಾಕಿಯೆನಿಸಿಕೊಳ್ಳುತ್ತಿದ್ದರು.

ಆ ಕಥೆಯ ಉತ್ತರಭಾಗವು ರಕ್ತಮಯವಾದುದು. ಹರಳಯ್ಯನವರ ಮಗ ಶೀಲವಂತನಿಗೂ ಮಧುವರಸರ ಮಗಳು ಲಾವಣ್ಯವತಿಗೂ ವಿವಾಹವಾದಾಗ ಬಿಜ್ಜಳನ ಆಸ್ಥಾನವು ಸಿಡಿದೆದ್ದಿತು. ಬೀಗರಿಬ್ಬರೂ ಆನೆಯ ಕಾಲಿಗೆ ಕಟ್ಟಿಸಿಕೊಂಡು ಎಳೆಹೂಟೆಯಲ್ಲಿ ಮಡಿದರು. ಇಲ್ಲಿ ಒಂದು ಸಂಗತಿಯನ್ನು ವಿಚಾರಿಸಬೇಕು. ಅಲ್ಲಿಯವರೆಗೆ ಕಲ್ಯಾಣದ ಪಟ್ಟಣಿಗರು ವಚನಗಳನ್ನು ಸಹಿಸಿದ್ದರು. ಗೋಷ್ಠಿಗಳನ್ನು ಸಹಿಸಿದ್ದರು. ಮಂತ್ರಿಯು ಸಮಗಾರನಿಗೆ ಎರಡು ಸಲ ಶರಣೆಂದುದನ್ನೂ ಗೊಣಗುತ್ತಲಾದರೂ ಸಹಿಸಿದ್ದರು. ಸೂಜಿಯು ಮೇಲಿನ ಪದರಿನಲ್ಲಿ ಓಡಾಡುವತನಕ ಯಾರಿಗೂ ನೋವಾಗಿರಲಿಲ್ಲ. ಅದು ನಡುವಿನ ಪದರುಗಳನ್ನೆಲ್ಲ ಹಾಯ್ದು ಅಡಿಯ ಪದರನ್ನು ಮುಟ್ಟಿದಾಗ, ಒಬ್ಬರ ಮನೆಯ ಮಗಳು ಇನ್ನೊಬ್ಬರ ಮನೆಯ ಒಲೆಯ ಮುಂದೆ ಕುಳಿತುಕೊಳ್ಳುವ ಕಾಲವು ಬಂದಾಗ, ಆನೆಯನ್ನು ತರಿಸಿದರು. ಕೌದಿ ಹೊಲಿಯುವಾಕೆಯು ಮೊದಲ ದಿನವೇ ಕಲಿಯುವ ಪಾಠವು ಇದೇ ಅಲ್ಲವೆ? ಮೇಲಿನ ಎರಡು ಪದರುಗಳನ್ನು ಮಾತ್ರ ಹಿಡಿದ ಹೊಲಿಗೆಯು ನೋಡಲು ಚೆಂದವಾಗಿಯೇ ಇರುವುದು. ವಚನಗಳ ಪಾರಾಯಣ, ಜಯಂತಿಯ ಮೆರವಣಿಗೆ, ಗೋಡೆಗೆ ಬರೆಸಿದ ಸುಂದರವಾದ ಅಕ್ಷರ, ಇವೆಲ್ಲವೂ ಮೇಲಿನ ಪದರುಗಳೇ. ಬಂದವರ ಕುಲವನ್ನು ವಿಚಾರಿಸದೆ ಮನೆಯ ಮಗನಂತೆ ಎಣಿಸಿಕೊಳ್ಳಲು ಕಲಿಸೆಂದು ಬಸವಣ್ಣನವರು ಕೂಡಲಸಂಗಮನಲ್ಲಿ ಬೇಡಿಕೊಂಡ ಪ್ರಾರ್ಥನೆಯನ್ನು ಹಾಡಲು ಬಾರದ ಮಗುವು ಈ ಜಿಲ್ಲೆಯಲ್ಲಿ ಇಲ್ಲ. ಆ ಮಗುವು ಪಡಸಾಲೆಯಲ್ಲಿ ಕುಳಿತು ಗಟ್ಟಿಯಾಗಿ ಹಾಡುತ್ತಿರುವಾಗ ಅಂಗಳದಲ್ಲಿ ಸೂಜಿ ಹಿಡಿದು ಕುಳಿತವಳಿಗೂ ಅದು ಕೇಳಿಸುವುದು.

ಈಗಿನ ಕಾಲದಲ್ಲಿ ಕೌದಿಗೆ ಹೊಸದೊಂದು ಮರ್ಯಾದೆಯು ಬಂದಿರುವುದು. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡಗಳ ಸಿದ್ದಿ ಹೆಂಗಸರು ಹೊಲಿಯುವ ಕವಂದಿಯನ್ನು ಪರದೇಶದ ವಿದ್ವಾಂಸರು ಅಭ್ಯಾಸಮಾಡಿ ಪ್ರದರ್ಶನಗಳಲ್ಲಿ ಇಟ್ಟಿರುವರು. ಸಿದ್ದಿಗಳಲ್ಲಿ ಹಿಂದೂಗಳು, ಮುಸಲ್ಮಾನರು, ಕ್ರೈಸ್ತರು ಮೂವರೂ ಉಂಟು. ಮೂವರ ಹೊಲಿಗೆಯೂ ಒಂದೇ. ನಾಲ್ಕು ಮೂಲೆಗಳಲ್ಲಿ ಬಟ್ಟೆಯನ್ನು ತ್ರಿಕೋನವಾಗಿ ಮಡಿಸಿ ಫೂಲವೆಂಬ ಹೂವನ್ನಿಡದಿದ್ದರೆ ಕವಂದಿಯು ಬತ್ತಲೆಯೆಂದೇ ಅವರ ಭಾವನೆ. ನಗರಗಳ ಅಂಗಡಿಗಳಲ್ಲಿಯೂ ಕೌದಿಯು ಒಳ್ಳೆಯ ಬೆಲೆಗೆ ಬಿಕರಿಯಾಗುವುದು. ಕೊಂಡವರು ಅದನ್ನು ಹೊದೆಯದೆ ಗೋಡೆಗೆ ತೂಗುಹಾಕುವುದೂ ಉಂಟು. ಕಲೆಗೆ ಬೆಲೆ ಬಂದುದು ಸಂತೋಷವೇ. ಆ ಬೆಲೆಯಲ್ಲಿ ಹೊಲಿದಾಕೆಯ ಕೈಗೆ ಸೇರುವುದೆಷ್ಟು ಎಂಬುದನ್ನು ಕೇಳುವಾಗ ಆಯ್ದಕ್ಕಿ ಲಕ್ಕಮ್ಮನವರು ನೆನಪಾಗುವರು. ಗಂಡನು ಎಂದಿಗಿಂತ ಹೆಚ್ಚಾಗಿ ಅಕ್ಕಿಯನ್ನು ತಂದಾಗ, ಮಿಕ್ಕುದನ್ನು ಅಲ್ಲಿಯೇ ಸುರಿದು ಬನ್ನಿರೆಂದು ಹಿಂದಕ್ಕೆ ಕಳುಹಿಸಿದ ತಾಯಿ ಆಕೆ. ಇಂದಿನ ವ್ಯಾಪಾರದಲ್ಲಿ ಮಿಕ್ಕುದನ್ನು ಹಿಂದಕ್ಕೆ ಸುರಿಯಬೇಕಾದವರು ಹೊಲಿಯುವವರಲ್ಲವೆಂಬುದು ಸ್ಪಷ್ಟ. ಆದರೆ ಗೋಡೆಗೇರಿದ ಕೌದಿಗೂ ಹಾಸಿಗೆ ಸೇರಿದ ಕೌದಿಗೂ ಈ ಪ್ರಬಂಧದ ವಿಷಯದಲ್ಲಿ ವ್ಯತ್ಯಾಸವೇನೂ ಇಲ್ಲ: ಎರಡೆಡೆಯೂ ವಸ್ತುವು ಒಳಗೆ ಹೋಗಿರುವುದು.

ಸಾಲೋಟಗಿಯ ಸುತ್ತಮುತ್ತ ಕೌದಿಯ ಹೊಲಿಗೆಯು ಮೊದಲಿನಂತೆ ಉಳಿದಿಲ್ಲ. ಜಾರುವ ನೈಲಾನ್ ಸೀರೆಯು ಹಳೆಯ ಹತ್ತಿಯ ಸೀರೆಯಂತೆ ಹೊಲಿಗೆಗೆ ಒಗ್ಗದು. ಅಂಗಡಿಯ ಚಾದರವು ಅಗ್ಗ. ಹೊಲಿಯಲು ಬರುವ ಹೆಂಗಸರ ಹೆಣ್ಣುಮಕ್ಕಳಲ್ಲಿ ಕೆಲವರು ಶಾಲೆಗೆ ಹೋಗುತ್ತಿರುವರು, ಹೋಗಬೇಕಾದುದೂ ನ್ಯಾಯವೇ. ಆದರೂ ಸುಗ್ಗಿಯಾದ ಮೇಲೆ ಒಬ್ಬಿಬ್ಬರು ಮುದುಕಿಯರು ಸೂಜಿದಾರದ ಚೀಲವನ್ನು ಹಿಡಿದು ಇಂದಿಗೂ ಬರುವರು. ದೊಡ್ಡ ಕೌದಿಯು ಒಂದೇ ದಿನದಲ್ಲಿ ಮುಗಿಯುವಂತಹುದಲ್ಲ. ಸಂಜೆಯಾಗುವುದು, ಅಂಗಳದಲ್ಲಿ ಬೆಳಕು ಇಳಿಯುವುದು, ಸೂಜಿಯ ಕಣ್ಣು ಕಾಣದಾಗುವುದು, ಆಕೆಯು ಸೂಜಿಯನ್ನು ಕೌದಿಯ ಅಂಚಿಗೆ ಚುಚ್ಚಿ ನಿಲ್ಲಿಸುವಳು. ಬೆಳಕಿಗಾಗಿ ಹೊರಗೆ ಕೂಡುವ ಕಾರಣವು ಅಲ್ಲಿಗೆ ಮುಗಿಯುವುದು. ಒಳಗೆ ದೀಪವನ್ನು ಹಚ್ಚಿರುವರು, ರೊಟ್ಟಿ ಪಲ್ಯ ಸಿದ್ಧವಾಗಿರುವುದು, ಮನೆಯವರು ಊಟಕ್ಕೆ ಏಳುವರು. ಆಕೆಯ ಗಂಗಾಳವನ್ನು ಎಲ್ಲಿ ಇಡಬೇಕೆಂಬುದನ್ನು ಯಜಮಾನಿತಿಯು ಆಗ ನಿಶ್ಚಯಿಸಬೇಕಾಗಿರುವುದು.